ಹಬ್ಬಕ್ಕೆ ಹೂ ಬೇಕಂದ್ರ ಅಮಾವಾಸ್ಯೆಗೇ ಬೀಜ ಹಾಕ್ರಿ: ಚೆಂಡು ಹೂವಿನ ಬೇಸಾಯ



ಚೆಂಡು ಹೂ ಬೆಳೆಯೋದನ್ನ ಯಾರಾದರೂ ಹೇಳಿಕೊಡಬೇಕೇನ್ರಿ ಎಂದು ನೀವು ಕೇಳಬಹುದು. ಒಣಗಿದ ಹಾರವನ್ನು ತಿಪ್ಪೆಯ ಮಗ್ಗುಲಿಗೆ ಒಗೆದರೂ ಮಳೆ ಬಿದ್ದ ಕೂಡಲೇ ತಾನಾಗಿ ಏಳುವ ಗಿಡ ಅದು. ಆ ಮಾತು ಖರೆ. ಗಿಡ ಬೆಳೆಯುವುದು ಸುಲಭ, ಬೇಕಾದ ದಿನಕ್ಕೆ ಹೂ ಬರುವಂತೆ ಮಾಡುವುದು ಕಷ್ಟ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಸಂಘಗಳ ಸಭೆಗಳಲ್ಲಿ ಈ ಹೂವಿನ ಮಾತು ಬಂದಾಗ ನಾವು ಕೇಳುವ ದೂರು ಹೆಚ್ಚಾಗಿ ಒಂದೇ: "ಗಿಡ ಚಲೋ ಬಂದಿದ್ದುವ್ರಿ, ಆದ್ರ ಹಬ್ಬ ಮುಗಿದ ಮ್ಯಾಲೆ ಹೂ ಬಿಟ್ಟುವು." ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಹೂವಿಗೆ ಇರುವ ಬೆಲೆ ಒಂದು. ಹಬ್ಬದ ಮರುದಿನ ಹೂ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಸಂಘದಲ್ಲಿ ಸಾಲ ತೆಗೆದು ಐದು ಗುಂಟೆ ಹೂ ಹಾಕಿದ ತಾಯಿಗೆ ಒಂದು ವಾರದ ಹೆಚ್ಚು ಕಡಿಮೆ ಎಂದರೆ ಕಂತು ಕಟ್ಟುವುದು ಇಲ್ಲವೇ ತಪ್ಪಿಸುವುದು.

ಆದ್ದರಿಂದ ಈ ಸಲ ಮೊದಲು ದಿನಗಳ ಲೆಕ್ಕ ಹೇಳುತ್ತೇವೆ. ಗೊಬ್ಬರ, ನೀರು ಆಮೇಲೆ.

ದಿನಗಳ ಲೆಕ್ಕ

ಚೆಂಡು ಹೂವಿನ ಬೀಜ ಹಾಕಿದ 25 ರಿಂದ 28 ದಿನಕ್ಕೆ ಅಗಿ ಕಿತ್ತು ಹಚ್ಚಲು ಬರುತ್ತದೆ. ಹಚ್ಚಿದ ಸುಮಾರು 60 ದಿನಕ್ಕೆ ಮೊದಲ ಹೂ ಬಿಡುತ್ತದೆ. ಮೊದಲ ಒಂದೆರಡು ಕೊಯ್ಲಿನಲ್ಲಿ ಹೂ ಕಡಿಮೆ, ಬುಟ್ಟಿ ತುಂಬುವುದು ಅದರ ಮುಂದಿನ ವಾರ. ಅಂದರೆ ಬೀಜ ಹಾಕಿದ 95 ರಿಂದ 100ನೇ ದಿನಕ್ಕೆ ಗಿಡ ಭರ್ತಿ ಹೂವಿನಲ್ಲಿರುತ್ತದೆ. ಆ ದಿನ ಖಂಡೇ ಪೂಜೆಗೆ ಕೂಡಬೇಕು.

ಇಲ್ಲಿ ಎಡವುವುದು ಇಂಗ್ಲಿಷ್ ತಾರೀಖು ನಂಬಿದವರು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಎರಡೇ ವರ್ಷದಲ್ಲಿ 22 ದಿನ ಹಿಂದಕ್ಕೆ ಸರಿಯಿತು. 2023ರಲ್ಲಿ ಜುಲೈ 20ರ ಹೊತ್ತಿಗೆ ಬೀಜ ಹಾಕಿದವರಿಗೆ ಹಬ್ಬಕ್ಕೆ ಸರಿಯಾಗಿ ಹೂ ಸಿಕ್ಕಿರಬೇಕು. "ಹೋದ ಸಲ ಚಲೋ ಆತು" ಎಂದು 2025ರಲ್ಲೂ ಅದೇ ತಾರೀಖಿಗೆ ಹಾಕಿದವರ ಹೊಲದಲ್ಲಿ ದಸರೆಗೆ ಬರೀ ಮೊಗ್ಗು.

ತಾರೀಖು ಬಿಟ್ಟು ನಮ್ಮ ಹಬ್ಬಗಳಿಂದಲೇ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಲ್ಲಿಂದ ವಿಜಯದಶಮಿಗೆ ಮೂರು ತಿಂಗಳು ಹತ್ತು ತಿಥಿ, ಅಂದರೆ 98 ಇಲ್ಲವೇ 99 ದಿನ. 2024ರಲ್ಲಿ ಈ ಅಮಾವಾಸ್ಯೆ ಜುಲೈ 5ಕ್ಕೆ ಇತ್ತು, 2025ರಲ್ಲಿ ಜೂನ್ 25ಕ್ಕೆ. ಬೇಕಾದರೆ ಬೆರಳಿನಲ್ಲಿ ಎಣಿಸಿ ನೋಡ್ರಿ, ಎರಡೂ ವರ್ಷ ದಸರೆಗೆ 99 ದಿನ. ಮಕ್ಕಳು ಮಣ್ಣಿನ ಎತ್ತು ಮಾಡುವ ದಿನ ನೀವು ಸಸಿ ಮಡಿಗೆ ಬೀಜ ಹಾಕಿದರೆ ಸಾಕು.

ಇದಕ್ಕೆ ಒಂದೇ ಒಂದು ಅಪವಾದ. ಮಣ್ಣೆತ್ತಿನ ಅಮಾವಾಸ್ಯೆಗೂ ದಸರೆಗೂ ನಡುವೆ ಅಧಿಕ ಮಾಸ ಬಂದ ವರ್ಷ ಒಂದು ತಿಂಗಳು ತಡೆಯಬೇಕು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಮಣ್ಣೆತ್ತಿನ ಅಮಾವಾಸ್ಯೆಯಿಂದ ದಸರೆಗೆ 128 ದಿನ ಆದುವು. ಆ ವರ್ಷ ಸರಿಯಾದ ದಿನ ಅದರ ಮುಂದಿನ ಅಮಾವಾಸ್ಯೆ, ಜುಲೈ 17. ಅಧಿಕ ಮಾಸ ಹೆಚ್ಚು ಕಡಿಮೆ ಎರಡೂವರೆ, ಮೂರು ವರ್ಷಕ್ಕೊಮ್ಮೆ ಬರುತ್ತದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಬರೆದಿರುತ್ತಾರೆ, ಸಂಘದ ಸಭೆಯಲ್ಲಿ ಓದಲು ಬರುವವರು ಒಬ್ಬರು ನೋಡಿ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಎಲ್ಲರೂ ಅದೇ ದಿನ ಹಾಕಬೇಡಿ ಎಂಬುದು ನಮ್ಮ ಎರಡನೆಯ ಮಾತು. ಒಂದು ಸಂಘದಲ್ಲಿ ಆರು ಮಂದಿ ಹೂ ಹಾಕುವವರಿದ್ದರೆ ಮೂವರು ಮಣ್ಣೆತ್ತಿನ ಅಮಾವಾಸ್ಯೆಗೆ ಹಾಕಲಿ. ಉಳಿದ ಮೂವರು ಗುರುಪೂರ್ಣಿಮೆ, ಅಂದರೆ ನಮ್ಮ ಕಡ್ಲಿಗಡಬಿನ ಹುಣ್ಣಿಮೆ ಆದ ನಾಲ್ಕೈದು ದಿನಕ್ಕೆ ಹಾಕಲಿ. ವಿಜಯದಶಮಿ ಆಗಿ ಇಪ್ಪತ್ತು ದಿನಕ್ಕೆ ದೀಪಾವಳಿ, ಎರಡನೆಯ ಪಾಳಿಯ ಹೂ ಅಲ್ಲಿಗೆ ಸರಿಹೋಗುತ್ತದೆ. ಬಲಿಪಾಡ್ಯಮಿಗೆ ಸಗಣಿಯ ಪಾಂಡವರಿಗೆ ಸಿಕ್ಕಿಸಲು, ದನದ ಕೊರಳಿಗೆ ಕಟ್ಟಲು, ಅಂಗಡಿ ಪೂಜೆಗೆ ಎಲ್ಲ ಕಡೆ ಇದೇ ಹೂ ಬೇಕು. ಮೊದಲ ಪಾಳಿಯವರ ಗಿಡವೂ ಸುಮ್ಮನಿರುವುದಿಲ್ಲ. ಚೆನ್ನಾಗಿ ನೋಡಿಕೊಂಡ ಗಿಡ ಎರಡು ತಿಂಗಳವರೆಗೆ ಹೂ ಕೊಡುತ್ತದೆ.

ನವೆಂಬರ್ 2ರಂದು ಸತ್ತವರ ಸ್ಮರಣೆಗೆ ಸಮಾಧಿಗಳಿಗೆ ಹೂ ಇಡುವ ಕುಟುಂಬಗಳೂ ನಮ್ಮಲ್ಲಿವೆ. ಈ ದಿನ ಮಾತ್ರ ಪಂಚಾಂಗದ ಮೇಲೆ ಹೋಗುವುದಿಲ್ಲ, ಪ್ರತಿ ವರ್ಷ ಅದೇ ತಾರೀಖು. 2024ರಲ್ಲಿ ಬಲಿಪಾಡ್ಯಮಿಯೂ ಅದೇ ನವೆಂಬರ್ 2ಕ್ಕೆ ಬಂದಿತ್ತು. ಇನ್ನೊಂದು ಸೋಜಿಗ ಹೇಳುತ್ತೇವೆ. ಈ ಹೂವಿನ ತವರು ನಮ್ಮ ದೇಶವಲ್ಲ, ದೂರದ ಮೆಕ್ಸಿಕೊ. ದೊಡ್ಡ ಜಾತಿಗೆ ಆಫ್ರಿಕನ್ ಎಂದೂ ಸಣ್ಣ ಜಾತಿಗೆ ಫ್ರೆಂಚ್ ಎಂದೂ ಹೆಸರಿದ್ದರೂ ಎರಡೂ ಅಲ್ಲಿಯವೇ. ಆ ದೇಶದಲ್ಲಿ ನವೆಂಬರ್ 1 ಮತ್ತು 2ರಂದು ತೀರಿಕೊಂಡ ಹಿರಿಯರ ಸಮಾಧಿಗಳನ್ನು ಇದೇ ಕೇಸರಿ ಹೂವಿನಿಂದ ತುಂಬುತ್ತಾರೆ. ನಮ್ಮಲ್ಲಿ ಬಾಗಿಲಿಗೆ, ಮಗ್ಗಕ್ಕೆ, ಎತ್ತಿಗೆ. ಅಲ್ಲಿ ಹಿರಿಯರಿಗೆ.

ಬೀಜ ಯಾವುದು?

ಮೇಲಿನ ಲೆಕ್ಕ ಹಚ್ಚಿದ ಎರಡು ತಿಂಗಳಿಗೆ ಹೂ ಬಿಡುವ ತಳಿಗಳಿಗೆ. ಎಲ್ಲ ತಳಿಯೂ ಹಾಗಿಲ್ಲ. ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ ಗೇಂದಾ (ಕೇಸರಿ) ಮತ್ತು ಪೂಸಾ ಬಸಂತಿ ಗೇಂದಾ (ಹಳದಿ) ಹೆಸರಾದ ತಳಿಗಳು, ಆದರೆ ಬಿತ್ತಿ ನಾಲ್ಕು ತಿಂಗಳ ಮೇಲೆ ಹೂ ಬಿಡುವಂಥವು. ಅವನ್ನು ಮಣ್ಣೆತ್ತಿನ ಅಮಾವಾಸ್ಯೆಗೆ ಹಾಕಿದರೆ ದಸರೆ ತಪ್ಪುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಬಂಗಾರ, ಅರ್ಕಾ ಅಗ್ನಿ ಎಂಬ ತಳಿಗಳನ್ನು ಕೊಟ್ಟಿದೆ. ಪೇಟೆಯಲ್ಲಿ ಕಂಪನಿಗಳ ಹೈಬ್ರಿಡ್ ಬೀಜವೂ ಸಿಗುತ್ತದೆ. ಯಾವುದನ್ನೇ ತಗೊಳ್ರಿ, ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ರೇಟು ಎಷ್ಟು?" ಅಲ್ಲ, "ಹಚ್ಚಿದ ಎಷ್ಟು ದಿನಕ್ಕ ಹೂ?" ಎಂಬುದು. ಪ್ಯಾಕೀಟಿನ ಮೇಲೂ ಬರೆದಿರುತ್ತದೆ. ರಸೀದಿ ಮತ್ತು ಖಾಲಿ ಪ್ಯಾಕೀಟು ಎರಡನ್ನೂ ಹೂ ಬರುವವರೆಗೆ ಇಟ್ಟುಕೊಳ್ಳಿ.

ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಸಂಘದ ನಾಲ್ಕು ಮಂದಿ ಕೂಡಿ ಒಂದು ದಿನ ಹೋಗಿಬಂದರೆ, ಇಲ್ಲವೇ ತಾಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿದರೆ, ತಳಿಯ ವಿಷಯ ಖಾತ್ರಿಯಾಗುತ್ತದೆ.

ಬೀಜ ಎಷ್ಟು ಬೇಕು? ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಎರಡು ಅಡಿ ಬಿಟ್ಟರೆ ಒಂದು ಗುಂಟೆಗೆ ಸುಮಾರು 360 ಗಿಡ ಕೂಡುತ್ತವೆ. ಐದು ಗುಂಟೆಗೆ 1,800. ಒಂದು ಗ್ರಾಂಗೆ ಸುಮಾರು 300 ಬೀಜ ಬರುತ್ತವೆ, ಎಲ್ಲವೂ ಮೊಳೆಯುವುದಿಲ್ಲ ಎಂದು ಹಿಡಿದರೂ 10 ರಿಂದ 15 ಗ್ರಾಂ ಸಾಕು. "ಬೇಕಾದೀತು" ಎಂದು ನೂರು ಗ್ರಾಂ ತರಬೇಡಿ. ಸಣ್ಣ ಜಾತಿಯನ್ನು ಒಂದು ಅಡಿಗೊಂದರಂತೆ ಹಚ್ಚಬಹುದು.

ಸಸಿ ಮಡಿ

ಮೂರು ಅಡಿ ಅಗಲ, ಹತ್ತು ಅಡಿ ಉದ್ದ, ಅರ್ಧ ಅಡಿ ಎತ್ತರದ ಮಡಿ ಮಾಡಿರಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಉಸುಕು ಬೆರೆಸಿ ಮಣ್ಣು ಹುಡಿ ಮಾಡಿ. ಬೆರಳಿನಿಂದ ಗೀರು ಎಳೆದು ಬೀಜ ಉದುರಿಸಿ, ಬೀಜ ಮುಚ್ಚುವಷ್ಟು ಮಾತ್ರ ಗೊಬ್ಬರದ ಪುಡಿ ಹಾಕಿರಿ. ಆಳಕ್ಕೆ ಹೋದರೆ ಮೊಳೆಯದು. ಮೇಲೆ ಹುಲ್ಲು ಇಲ್ಲವೇ ಕಬ್ಬಿನ ರವದಿ ತೆಳ್ಳಗೆ ಹಾಸಿ, ಝಾರಿಯಿಂದ ನೀರು ಕೊಡಿ. ನಾಲ್ಕರಿಂದ ಏಳು ದಿನಕ್ಕೆ ಮೊಳಕೆ ಕಾಣುತ್ತಲೇ ರವದಿ ತೆಗೆದುಬಿಡಿ, ತಡ ಮಾಡಿದರೆ ಅಗಿ ಬೆಳ್ಳಗೆ ಉದ್ದ ಬೆಳೆದು ಬಾಗುತ್ತವೆ.

ಮಡಿಯಲ್ಲಿ ಅಗಿಯ ಬುಡ ಕೊಳೆತು ಗುಂಪುಗುಂಪಾಗಿ ಮಲಗುವುದು ದೊಡ್ಡ ಕಾಟ. ಇದಕ್ಕೆ ಮುಖ್ಯ ಕಾರಣ ನೀರು ಹೆಚ್ಚಾಗುವುದು, ಬೀಜ ದಟ್ಟವಾಗುವುದು. ಟ್ರೈಕೋಡರ್ಮಾ ಎಂಬ ಜೈವಿಕ ಪುಡಿಯನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಮಡಿಗೆ ಹಾಕಿದರೆ ಈ ರೋಗ ಬಹಳ ಮಟ್ಟಿಗೆ ತಡೆಯುತ್ತದೆ. ಅಗಿ ಮೂರು ನಾಲ್ಕು ಜೋಡಿ ಎಲೆ ಬಿಟ್ಟು ಗೇಣುದ್ದ ಆಗುವ ಮುನ್ನ, ಸಂಜೆ ಹೊತ್ತು ಕಿತ್ತು ಹಚ್ಚಿರಿ.

ನಮ್ಮ ಎರಿ ಭೂಮಿ, ನಮ್ಮ ನೀರು

ಘಟಪ್ರಭಾ, ಕೃಷ್ಣಾ ದಂಡೆಯ ನಮ್ಮ ಹೊಲಗಳು ಕಬ್ಬಿಗೆ ರೂಢಿಯಾದುವು. ಕಬ್ಬಿಗೆ ನಿಂತ ನೀರು ಬಿಟ್ಟ ಕೈ ಹೂವಿಗೂ ಹಾಗೆಯೇ ಬಿಡುತ್ತದೆ. ಚೆಂಡು ಹೂ ಬರ ತಡೆದೀತು, ನಿಂತ ನೀರು ತಡೆಯದು. ಒಂದು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಹಸಿರಿದ್ದಂತೆಯೇ ಬಾಡುತ್ತದೆ. ನಮ್ಮ ಸೀಮೆಯಲ್ಲಿ ಜೋರು ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಗಿಡ ಮೊಗ್ಗು ಕಟ್ಟುವ ಹೊತ್ತಿಗೆ. ಆದ್ದರಿಂದ ಎರಿ ಹೊಲದಲ್ಲಿ ಬೋದು ಏರಿಸಿ ಬೋದಿನ ಮಗ್ಗುಲಿಗೆ ಹಚ್ಚಲೇಬೇಕು, ನೀರು ಹೊರಗೆ ಹೋಗಲು ಒಂದು ಬಾಯಿ ಬಿಟ್ಟಿರಬೇಕು. ಮಸಾರಿ ಹೊಲದವರಿಗೆ ಈ ಚಿಂತೆ ಕಡಿಮೆ, ಅವರು ಐದಾರು ದಿನಕ್ಕೊಮ್ಮೆ ತಪ್ಪದೆ ನೀರು ಕೊಡಬೇಕು.

ಸವಳು-ಜವಳಾದ ಹೊಲದಲ್ಲಿ ಕಬ್ಬು ಬರದೇ ಹೋದ ಮೇಲೆ "ಹೂವರೆ ಹಾಕೋಣ" ಎನ್ನುವವರಿದ್ದಾರೆ. ಅಲ್ಪಸ್ವಲ್ಪ ಉಪ್ಪಿದ್ದರೆ ಚೆಂಡು ಹೂ ತಡೆದುಕೊಳ್ಳುತ್ತದೆ. ಮೇಲೆ ಬಿಳಿ ಉಪ್ಪು ಎದ್ದ, ಕಾಲಿಟ್ಟರೆ ಜಿಗುಟುವ ಹೊಲದಲ್ಲಿ ಅದೂ ಬರದು. ಅಂಥ ಹೊಲಕ್ಕೆ ಸಾಲ ಹಾಕಬೇಡಿ. ಹಚ್ಚುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹೇಗೆ ಮಾಡಿಸುವುದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಹೇಳುತ್ತಾರೆ. ಸುಣ್ಣದಂಶ ಹೆಚ್ಚಿರುವ ಎರಿ ಮಣ್ಣಿನಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಇದಕ್ಕೆ ಯೂರಿಯಾ ಮದ್ದಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟು, ಸ್ವಲ್ಪ ನಿಂಬೆರಸ ಹಾಕಿ ಎಲೆಗೆ ಸಿಂಪಡಿಸಿರಿ.

ಗೊಬ್ಬರ ಗುಂಟೆಗೆ 200 ರಿಂದ 250 ಕೆ.ಜಿ. ಕಳಿತ ತಿಪ್ಪೆಗೊಬ್ಬರ. ಸರಕಾರಿ ಗೊಬ್ಬರ ಹಾಕುವವರು ಹಚ್ಚುವಾಗ ಗುಂಟೆಗೆ ಎರಡೂವರೆ ಕೆ.ಜಿ. ಯೂರಿಯಾ, 4 ಕೆ.ಜಿ. ಸೂಪರ್ ಫಾಸ್ಫೇಟ್, 1 ಕೆ.ಜಿ. ಪೊಟ್ಯಾಷ್, ತಿಂಗಳ ಮೇಲೆ ಮತ್ತೆ ಎರಡೂವರೆ ಕೆ.ಜಿ. ಯೂರಿಯಾ ಹಾಕಬಹುದು. ಕಬ್ಬು ತೆಗೆದ ಹೊಲವಾದರೆ ಮೊದಲಿನ ಗೊಬ್ಬರ ಇನ್ನೂ ಉಳಿದಿರುತ್ತದೆ, ಯೂರಿಯಾ ಇನ್ನೂ ಕಡಿಮೆ ಸಾಕು. ಯೂರಿಯಾ ಅತಿಯಾದರೆ ಗಿಡ ಸೊಕ್ಕಿ ಆಳೆತ್ತರ ಬೆಳೆದು ಎಲೆಯೇ ಎಲೆ, ಹೂ ತಡ. ಹಬ್ಬ ತಪ್ಪುವುದಕ್ಕೆ ಇದೂ ಒಂದು ಕಾರಣ.

ಕುಡಿ ಚಿವುಟುವುದು

ಹಚ್ಚಿದ 30 ದಿನಕ್ಕೆ ಪ್ರತಿ ಗಿಡದ ನೆತ್ತಿಯ ಕುಡಿಯನ್ನು ಬೆರಳಿನಿಂದ ಚಿವುಟಬೇಕು. ಬೆಳೆಯುವ ಗಿಡದ ತಲೆ ಮುರಿಯಲು ಹೊಸಬರಿಗೆ ಮನಸ್ಸಾಗುವುದಿಲ್ಲ. ಆದರೆ ನೆತ್ತಿ ಹೋದ ಮೇಲೆಯೇ ಮಗ್ಗುಲ ಟೊಂಗೆಗಳು ಒಡೆಯುತ್ತವೆ, ಟೊಂಗೆ ಎಷ್ಟೋ ಹೂ ಅಷ್ಟು. ಗಿಡ ಗಿಡ್ಡಾಗಿ ಹರಡುವುದರಿಂದ ಮಳೆಗಾಳಿಗೆ ಬೀಳುವುದೂ ಕಡಿಮೆ. ನೆನಪಿಡಬೇಕಾದ್ದು, ಚಿವುಟಿದರೆ ಹೂ ಕೆಲವು ದಿನ ತಡವಾಗುತ್ತದೆ. ಮೇಲೆ ಹೇಳಿದ ದಿನಗಳಲ್ಲಿ ಇದೂ ಸೇರಿದೆ. ಬೀಜ ಹಾಕುವುದು ಹತ್ತು ದಿನ ತಡವಾಗಿದ್ದರೆ ಆ ಸಲ ಚಿವುಟದೇ ಬಿಡಿ. ಹೂ ಕಡಿಮೆಯಾದರೂ ಹಬ್ಬಕ್ಕೆ ಸಿಗುತ್ತದೆ. ಕೆಲವು ಗಿಡ್ಡ ಹೈಬ್ರಿಡ್ ತಳಿಗಳು ತಾವೇ ಟೊಂಗೆ ಒಡೆಯುತ್ತವೆ, ಅವಕ್ಕೆ ಚಿವುಟುವ ಅಗತ್ಯ ಇಲ್ಲ.

ಇದೇ ಹೊತ್ತಿಗೆ ಕಸ ತೆಗೆದು ಬುಡಕ್ಕೆ ಮಣ್ಣು ಏರಿಸಿರಿ.

ಹುಳ, ರೋಗ

ಎಲೆಯ ಮೇಲೆ ಕಂದು ಚುಕ್ಕೆ ಬಿದ್ದು ಹರಡುವುದು ಮೋಡ ಮುಸುಕಿದ, ಜಿಟಿಜಿಟಿ ಮಳೆಯ ದಿನಗಳಲ್ಲಿ. ಚುಕ್ಕೆ ಬಿದ್ದ ಎಲೆಗಳನ್ನು ಮೊದಲೇ ಕಿತ್ತು ಸುಟ್ಟರೆ ಅರ್ಧ ಕೆಲಸ ಆಗುತ್ತದೆ. ಬಿಸಿಲು ಹೆಚ್ಚಾದಾಗ ಎಲೆಯ ಕೆಳಗೆ ಕೆಂಪು ನುಸಿ ಸೇರಿ ಬಲೆ ಕಟ್ಟುತ್ತದೆ, ಗಿಡ ಧೂಳು ಹಿಡಿದಂತೆ ಕಾಣುತ್ತದೆ. ಮೊಗ್ಗು ಕೊರೆಯುವ ಹಸಿರು ಹುಳ ಬೆಳಿಗ್ಗೆ ಹೊತ್ತು ಕಣ್ಣಿಗೆ ಬೀಳುತ್ತದೆ, ಐದು ಗುಂಟೆಯಲ್ಲಿ ಕೈಯಿಂದಲೇ ಆರಿಸಬಹುದು.

ಬೇವಿನ ಬೀಜದ ಕಷಾಯ ನುಸಿಗೆ, ಹುಳಕ್ಕೆ ಮೊದಲ ಮದ್ದು. 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸಾಬೂನು ಕರಗಿಸಿ, ಸಂಜೆ ಸಿಂಪಡಿಸಿರಿ. ಪೇಟೆಯ ವಿಷದ ಔಷಧಿಯನ್ನು ಹೂ ಬಿಡಲು ಶುರುವಾದ ಮೇಲೆ ಹೊಡೆಯಬೇಡಿ ಎಂದು ನಾವು ಒತ್ತಿ ಹೇಳುತ್ತೇವೆ. ಹೂ ಕೀಳುವವರು ನಾವೇ, ಬರಿಗೈಯಲ್ಲಿ. ಹಾರ ಕಟ್ಟುವಾಗ ದಾರ ಹಲ್ಲಿನಿಂದ ಕಡಿಯುವವರೂ ನಾವೇ. ಬಲಿಪಾಡ್ಯಮಿಗೆ ದನದ ಕೊರಳಿಗೆ ಕಟ್ಟಿದ ಹಾರವನ್ನು ಪಕ್ಕದ ದನ ತಿನ್ನದೇ ಬಿಡುವುದಿಲ್ಲ.

ಈ ಗಿಡ ಉಳಿದ ಬೆಳೆಗೂ ಉಪಕಾರಿ. ಇದರ ಬೇರಿನಿಂದ ಹೊರಡುವ ರಸ ಬೇರುಗಂಟು ಮಾಡುವ ಜಂತುಹುಳವನ್ನು ತಗ್ಗಿಸುತ್ತದೆ, ಅದಕ್ಕೇ ಡಾಳಿಂಬೆ ತೋಟದಲ್ಲಿ ಸಾಲಿನ ನಡುವೆ ಇದನ್ನು ಹಾಕುತ್ತಾರೆ. ಟೊಮೆಟೊ ಹಾಕುವವರು ಹದಿನಾರು ಸಾಲಿಗೆ ಒಂದು ಸಾಲು ಚೆಂಡು ಹೂ ಹಚ್ಚಿದರೆ ಕಾಯಿಕೊರಕದ ಚಿಟ್ಟೆ ಹೂವಿಗೆ ಬಂದು ಮೊಟ್ಟೆ ಇಡುತ್ತದೆ. ಆದರೆ ಟೊಮೆಟೊದ 25 ದಿನದ ಅಗಿಯ ಜೊತೆಗೆ ಹೂವಿನ ಅಗಿ 45 ದಿನದ್ದಿರಬೇಕು. ಎರಡೂ ಒಂದೇ ಹೊತ್ತಿಗೆ ಹೂ ಬಿಟ್ಟರೆ ಮಾತ್ರ ಈ ಉಪಾಯ ನಡೆಯುತ್ತದೆ.

ಕೊಯ್ಲು ಮತ್ತು ಮಾರಾಟ

ಪೂರ್ತಿ ಅರಳಿದ ಹೂವನ್ನು ಬೆಳಗಿನ ತಂಪಿನಲ್ಲಿ, ಮಂಜು ಆರಿದ ಮೇಲೆ ಕೀಳಬೇಕು. ಹಿಂದಿನ ದಿನ ನೀರು ಕೊಟ್ಟಿದ್ದರೆ ಹೂ ಹೆಚ್ಚು ಹೊತ್ತು ಬಾಡದು. ಮೂರು ದಿನಕ್ಕೊಮ್ಮೆ ತಪ್ಪದೆ ಕೀಳಿರಿ. ಗಿಡದಲ್ಲೇ ಒಣಗಲು ಬಿಟ್ಟರೆ ಗಿಡ ಬೀಜ ಕಟ್ಟುವ ಕಡೆಗೆ ಹೊರಳಿ ಹೊಸ ಮೊಗ್ಗು ನಿಲ್ಲಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ, ಬೆವೆತು ಕಪ್ಪಾಗುತ್ತದೆ. ಬಿದಿರಿನ ಬುಟ್ಟಿ ಇಲ್ಲವೇ ಒದ್ದೆ ಗೋಣಿಚೀಲ ಒಳ್ಳೆಯದು. ಎಕರೆಗೆ ನಾಲ್ಕರಿಂದ ಏಳು ಟನ್ ಎಂದು ಪುಸ್ತಕದಲ್ಲಿದೆ. ಕೆಳಗಿನ ಲೆಕ್ಕ ಹಿಡಿದರೂ ಗುಂಟೆಗೆ ಒಂದು ಕ್ವಿಂಟಲ್. ಸಾಲಕ್ಕೆ ಅರ್ಜಿ ಬರೆಯುವಾಗ ಈ ಕೆಳಗಿನ ಲೆಕ್ಕವನ್ನೇ ಹಿಡಿಯಿರಿ, ಮೇಲಿನದನ್ನಲ್ಲ.

ಹೂ ಎಲ್ಲಿ ಮಾರಬೇಕು ಎಂಬುದಕ್ಕೆ ದೂರದ ಪೇಟೆಯ ಕಡೆ ನೋಡುವ ಮೊದಲು ಮಗ್ಗುಲಲ್ಲಿ ನೋಡಿರಿ. ರಬಕವಿ, ಬನಹಟ್ಟಿ, ಮಹಾಲಿಂಗಪುರ, ತೇರದಾಳದಲ್ಲಿ ಓಣಿ ಓಣಿಗೂ ಮಗ್ಗಗಳಿವೆ, ಖಂಡೇ ಪೂಜೆಗೆ ಒಂದೊಂದು ಮಗ್ಗಕ್ಕೂ ಹಾರ ಬೇಕು. ಸಕ್ಕರೆ ಕಾರ್ಖಾನೆಗಳು ಹಂಗಾಮು ಶುರು ಮಾಡುವ ಪೂಜೆ, ಟ್ರ್ಯಾಕ್ಟರು, ಗ್ಯಾರೇಜು, ಕಿರಾಣಿ ಅಂಗಡಿ ಎಲ್ಲ ಇವೆ. ಹಬ್ಬಕ್ಕೆ ಹದಿನೈದು ದಿನ ಮೊದಲು ಸಂಘದಿಂದ ಇಬ್ಬರು ಓಣಿ ತಿರುಗಿ "ಎಷ್ಟು ಮಾರು ಬೇಕ್ರಿ?" ಎಂದು ಕೇಳಿ ವಹಿಯಲ್ಲಿ ಬರೆದು, ಸ್ವಲ್ಪ ಮುಂಗಡ ಹಿಡಿಯಿರಿ. ಬಿಡಿ ಹೂ ಕೆ.ಜಿ. ಲೆಕ್ಕದಲ್ಲಿ ದಲಾಲಿಗೆ ಹೋದರೆ ತೂಕ, ಕಮಿಷನ್, ಬಾಡಿಗೆ ಎಂದು ಮೂರು ಕಡೆ ಕಡಿತ. ಕಟ್ಟಿದ ಹಾರಕ್ಕೆ ನಿಮ್ಮ ಕೈಕೆಲಸದ ಬೆಲೆಯೂ ಸೇರುತ್ತದೆ. ದೊಡ್ಡ ಜಾತಿಯ ಹೂ ಕೆ.ಜಿ.ಗೆ ನೂರರ ಮೇಲೆ ಬೀಳುತ್ತವೆ, ಒಂದು ಮಾರಿಗೆ ಎಷ್ಟು ಹೂ ಹೋಗುತ್ತವೆ ಎಂದು ಒಮ್ಮೆ ಕಟ್ಟಿ ಎಣಿಸಿದರೆ ದರ ಹೇಳಲು ಧೈರ್ಯ ಬರುತ್ತದೆ.

ಗುಂಡ್ಲುಪೇಟೆ ಕಡೆ ಬಣ್ಣ ತೆಗೆಯುವ ಕಂಪನಿಗಳಿಗಾಗಿ ಒಪ್ಪಂದದ ಮೇಲೆ ಈ ಹೂ ಬೆಳೆಯುತ್ತಾರೆ. ಆ ಬಣ್ಣ ಕೋಳಿ ಆಹಾರಕ್ಕೆ, ಕಣ್ಣಿನ ಮಾತ್ರೆಗಳಿಗೆ ಹೋಗುತ್ತದೆ. ಅಂಥವರು ನಿಮ್ಮೂರಿಗೂ ಬಂದರೆ ದರ, ತೂಕ ಎಲ್ಲಿ ಮಾಡುತ್ತಾರೆ, ಹಣ ಎಷ್ಟು ದಿನಕ್ಕೆ ಕೊಡುತ್ತಾರೆ, ಈ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ಹೊಲ ಇಲ್ಲದವರು

ಮನೆಯ ಮುಂದೆ ಆರು ತಾಸು ಬಿಸಿಲು ಬೀಳುವ ಜಾಗ ಇದ್ದರೆ ಸಾಕು. ಸಿಮೆಂಟಿನ ಖಾಲಿ ಚೀಲಕ್ಕೆ ತಳದಲ್ಲಿ ನಾಲ್ಕೈದು ತೂತು ಮಾಡಿ, ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ, ಒಂದೊಂದು ಚೀಲಕ್ಕೆ ದೊಡ್ಡ ಜಾತಿಯದು ಒಂದು, ಸಣ್ಣ ಜಾತಿಯದು ಎರಡು ಹಚ್ಚಿರಿ. ಪಾತ್ರೆ ತೊಳೆದ ನೀರಿನಲ್ಲಿ ಸೋಪಿನ ಪುಡಿ ಇರದಿದ್ದರೆ ಅದನ್ನೇ ಹಾಕಬಹುದು. ಹತ್ತು ಚೀಲದ ಹೂ ಮನೆಯ ಹಬ್ಬಕ್ಕೆ ಸಾಕಾಗಿ ನೆರೆಮನೆಗೂ ಉಳಿಯುತ್ತದೆ.

ಮುಂದಿನ ವರ್ಷದ ಬೀಜ

ಹೈಬ್ರಿಡ್ ಗಿಡದ ಬೀಜ ಹಿಡಿದರೆ ಅದೇ ಹೂ ಬರುವುದಿಲ್ಲ, ಕೆಲವಕ್ಕೆ ಬೀಜವೇ ಕಟ್ಟುವುದಿಲ್ಲ. ನಾಟಿ ತಳಿಯಾದರೆ ದಸರೆ ಗದ್ದಲದಲ್ಲಿ ಎಲ್ಲ ಕೀಳುವ ಮೊದಲೇ, ದುಂಡಗೆ, ತುಂಬಿದ ಎಸಳಿನ, ಬೇಗ ಹೂ ಬಿಟ್ಟ ಹತ್ತು ಗಿಡ ಆರಿಸಿ ಕೆಂಪು ದಾರ ಕಟ್ಟಿರಿ. ಕೇಸರಿ ಮತ್ತು ಹಳದಿ ಗಿಡಗಳನ್ನು ದೂರ ದೂರ ಇಡಿ, ಜೇನ್ನೊಣ ಎರಡನ್ನೂ ಬೆರೆಸುತ್ತದೆ. ಆ ಗಿಡಗಳ ಹೂ ಗಿಡದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕಿತ್ತು, ನೆರಳಲ್ಲಿ ಒಂದು ವಾರ ಆರಿಸಿ. ಒಳಗಿನ ಕಪ್ಪು ಕಡ್ಡಿಯಂಥ, ತುದಿಗೆ ಬಿಳಿ ಬಾಲ ಇರುವುದೇ ಬೀಜ, ಬರೀ ಬಿಳುಚಿದ್ದು ಜೊಳ್ಳು. ಅರಿವೆ ಚೀಲದಲ್ಲಿ ಒಣ ಬೇವಿನ ಎಲೆಯ ಜೊತೆ ಕಟ್ಟಿ, ತಳಿಯ ಬಣ್ಣ ಮತ್ತು ವರ್ಷ ಬರೆದ ಚೀಟಿ ಒಳಗಿಟ್ಟು, ಸಂಘದ ಟ್ರಂಕಿನಲ್ಲಿ ವಹಿಗಳ ಜೊತೆ ಇಡಿ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯ ಸಭೆಗೆ ಅದೇ ಟ್ರಂಕಿನಿಂದ ತೆಗೆದು ಹಂಚಿಕೊಳ್ಳಬಹುದು. ಹಂಚುವ ಮೊದಲು ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ವಾರ ಇಟ್ಟು ನೋಡ್ರಿ. ಹನ್ನೆರಡಕ್ಕಿಂತ ಕಡಿಮೆ ಮೊಳೆತರೆ ಆ ವರ್ಷ ಹೊಸ ಬೀಜ ತರಬೇಕು.